ಬೆಟ್ಟದೊಳಗೆ ಕಟ್ಟದೆ ಉಳಿದ ವಿಜ್ಞಾನಶಾಲೆ

ಕಂಬಂ ಕಣಿವೆಯ ಯಾವುದಾದರೊಂದು ಊರಿನ ಹೊರಗೆ ನಿಂತು ಪಡುವಣ ದಿಕ್ಕಿಗೆ ಕಣ್ಣು ಹಾಯಿಸಿದರೆ ಪಶ್ಚಿಮಘಟ್ಟಗಳ ಸಾಲು ಕೋಟೆಯ ಗೋಡೆಯಂತೆ ಎದ್ದು ನಿಂತಿರುವುದು ಕಾಣುತ್ತದೆ. ಬಡಗಣಕ್ಕೆ ತಿರುಗಿದರೆ ಪಳನಿಯ ಬೆಟ್ಟಗಳು. ಈ ಬೆಟ್ಟಗಳನ್ನು ಕುರಿತು ನಾವು ಮಕ್ಕಳಿಗೆ ಹೇಳಿಕೊಡುವ ಪಾಠದಲ್ಲಿ ಮಳೆಯ ಮಾತುಂಟು, ಏಲಕ್ಕಿಯ ಮಾತುಂಟು, ಕಾಡುಮೃಗಗಳ ಮಾತುಂಟು. ಆದರೆ ಇವಕ್ಕೆ ವಿಜ್ಞಾನದ ಇತಿಹಾಸದಲ್ಲಿಯೂ ಒಂದು ಸ್ಥಾನವಿದೆಯೆಂಬುದನ್ನು ಹೇಳುವವರು ವಿರಳ. ಒಂದು ಬೆಟ್ಟದ ನೆತ್ತಿಯ ಮೇಲೆ ನೂರು ವರ್ಷಗಳಿಗೂ ಮೀರಿ ಸೂರ್ಯನನ್ನು ನೋಡುತ್ತಿರುವ ವೀಕ್ಷಣಾಲಯವಿದೆ. ಇನ್ನೊಂದು ಬೆಟ್ಟದ ಹೊಟ್ಟೆಯೊಳಗೆ ಜಗತ್ತೇ ತಿರುಗಿ ನೋಡುವಂತಹ ವಿಜ್ಞಾನಶಾಲೆಯೊಂದನ್ನು ಕಟ್ಟಬೇಕೆಂದು ಹೊರಟು, ಅದು ಕಟ್ಟದೆಯೇ ಉಳಿಯಿತು. ಕಟ್ಟಿದ್ದರ ಚರಿತ್ರೆಯನ್ನು ಎಲ್ಲರೂ ಬರೆಯುತ್ತಾರೆ. ಕಟ್ಟದೆ ಉಳಿದುದರ ಚರಿತ್ರೆಯಿಂದಲೂ ಕಲಿಯತಕ್ಕ ಪಾಠಗಳುಂಟು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು 1895ನೆಯ ಇಸವಿಗೆ ಹೋಗೋಣ. ಆ ವರ್ಷದ ಅಕ್ಟೋಬರ್ ತಿಂಗಳು ನಮ್ಮ ಸೀಮೆಯ ಪಾಲಿಗೆ ಮರೆಯಲಾಗದ ತಿಂಗಳು. ಕೇರಳದ ಕಡೆಗೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಕಟ್ಟೆ ಹಾಕಿ, ಬೆಟ್ಟದ ಒಡಲಲ್ಲಿ ಒಂದು ಮೈಲಿಗೂ ಮಿಗಿಲಾದ ಸುರಂಗವನ್ನು ಕೊರೆದು, ಆ ನೀರನ್ನು ಮೂಡಲಿಗೆ ತಿರುಗಿಸಿ ವೈಗೈ ನದಿಗೆ ಕೂಡಿಸಿದ ಮಹಾಕಾರ್ಯ ಆಗ ಪೂರ್ಣಗೊಂಡು, ಮದ್ರಾಸಿನ ಗವರ್ನರ್ ವೆನ್‌ಲಾಕ್ ಪ್ರಭುವು ಅದನ್ನು ಉದ್ಘಾಟಿಸಿದನು. ಈ ಕೆಲಸವನ್ನು ಮಾಡಿಸಿದ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ಕನ ಹೆಸರನ್ನು ಈ ಕಣಿವೆಯ ಜನ ತಮ್ಮ ಮಕ್ಕಳಿಗೂ ಇಡುತ್ತಾರೆಂದರೆ ಅವನ ಮೇಲಿನ ಕೃತಜ್ಞತೆ ಎಷ್ಟೆಂಬುದನ್ನು ಊಹಿಸಬಹುದು. ಅದೇ ತಿಂಗಳಲ್ಲಿ ಅದೇ ಗವರ್ನರನು ಕೊಡೈಕಾನಲಿನಲ್ಲಿ ಸೂರ್ಯ ವೀಕ್ಷಣಾಲಯಕ್ಕೆ ಅಡಿಗಲ್ಲನ್ನು ಇಟ್ಟನು. ಒಂದು ಕಡೆ ನೀರಿಗಾಗಿ ಬೆಟ್ಟವನ್ನು ಕೊರೆದುದು, ಇನ್ನೊಂದು ಕಡೆ ಅರಿವಿಗಾಗಿ ಬೆಟ್ಟವನ್ನು ಏರಿದುದು. ಇವೆರಡೂ ಒಂದೇ ತಿಂಗಳಲ್ಲಿ ಕೂಡಿಬಂದುದು ಆಕಸ್ಮಿಕವಿರಬಹುದು. ಆದರೆ ಇವೆರಡರ ಹಿಂದೆಯೂ ಇದ್ದ ನೆನಪು ಮಾತ್ರ ಒಂದೇ. ಅದು ಬರಗಾಲದ ನೆನಪು.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಆ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಕ್ಷಾಮವೆಂದು ಕರೆದರು. ತಮಿಳರೂ ಧಾತು ವರ್ಷದ ಬರವೆಂದೇ ಅದನ್ನು ನೆನೆಯುತ್ತಾರೆ. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಐದರಲ್ಲಿ ಒಂದು ಪಾಲು ಜನ ಅದಕ್ಕೆ ತುತ್ತಾದರು. ಮಳೆ ಏಕೆ ತಪ್ಪುತ್ತದೆ, ಅದನ್ನು ಮುಂಚಿತವಾಗಿ ಅರಿಯಬಹುದೇ ಎಂಬ ಪ್ರಶ್ನೆ ಆಗ ಎದ್ದಿತು. ಸೂರ್ಯನ ಮುಖದ ಮೇಲೆ ಕಾಣುವ ಕಲೆಗಳಿಗೂ ಮುಂಗಾರಿಗೂ ಸಂಬಂಧವಿರಬಹುದೆಂದು ಕೆಲವು ವಿದ್ವಾಂಸರು ನಂಬಿದ್ದರು. ಆದುದರಿಂದ ಸೂರ್ಯನನ್ನು ದಿನದಿನವೂ ನೋಡಿ ಬರೆದಿಡುವ ಒಂದು ನೆಲೆ ಬೇಕೆಂದಾಯಿತು. ಸಮುದ್ರಮಟ್ಟದಿಂದ ಸುಮಾರು 2,343 ಮೀಟರ್ ಎತ್ತರದ, ತಿಳಿಯಾದ ಗಾಳಿಯ ಕೊಡೈಕಾನಲ್ ಅದಕ್ಕೆ ಆಯ್ಕೆಯಾಯಿತು. 1899ರಲ್ಲಿ ಮಿಕಿ ಸ್ಮಿತ್ ಎಂಬಾತನ ಮೇಲ್ವಿಚಾರಣೆಯಲ್ಲಿ ಅಲ್ಲಿ ಕೆಲಸ ಆರಂಭವಾಯಿತು. 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಎಂಬ ವಿಜ್ಞಾನಿಯು ಸೂರ್ಯಕಲೆಗಳ ರೋಹಿತವನ್ನು ಪರೀಕ್ಷಿಸುತ್ತಿದ್ದಾಗ, ಕಲೆಯ ನಡುವಿನಿಂದ ಅಂಚಿನ ಕಡೆಗೆ ಅನಿಲವು ಹರಿಯುತ್ತಿರುವುದನ್ನು ಕಂಡುಹಿಡಿದನು. ಅದನ್ನು ಇಂದಿಗೂ ಜಗತ್ತಿನ ಪಠ್ಯಪುಸ್ತಕಗಳು ಎವರ್‌ಶೆಡ್ ಪರಿಣಾಮವೆಂದು ಹೆಸರಿಸುತ್ತವೆ. ಬರಗಾಲವನ್ನು ಮುಂದಾಗಿ ಹೇಳಬೇಕೆಂಬ ಆಸೆ ಈಡೇರಲಿಲ್ಲ. ಅದಕ್ಕೆ ಬದಲಾಗಿ ಸೂರ್ಯನ ವಿಷಯದಲ್ಲಿ ನೂರು ವರ್ಷಗಳ ಚಿತ್ರಭಂಡಾರವೊಂದು ಮಾನವಕುಲಕ್ಕೆ ದೊರೆಯಿತು. ಹುಡುಕಿದುದು ಒಂದು, ದೊರೆತುದು ಇನ್ನೊಂದು: ಇದು ವಿಜ್ಞಾನದ ರೀತಿ. ಆ ವೀಕ್ಷಣಾಲಯವು ಇಂದು ಬೆಂಗಳೂರಿನಲ್ಲಿ ಕೇಂದ್ರ ಕಾರ್ಯಾಲಯವುಳ್ಳ ಭಾರತೀಯ ಖಭೌತ ಸಂಸ್ಥೆಯ ಅಂಗವಾಗಿದೆ.

ಇನ್ನು ನಮ್ಮ ಕಥೆಯ ಎರಡನೆಯ ಎಳೆ ಕನ್ನಡನಾಡಿನ ಕೋಲಾರದಿಂದ ಬರುತ್ತದೆ. ವಾಚಕರಿಗೆ ನ್ಯೂಟ್ರಿನೊ ಎಂಬ ಕಣದ ಪರಿಚಯವನ್ನು ಇಲ್ಲಿಯೇ ಮಾಡಿಕೊಡುವುದು ಲೇಸು. ಇದಕ್ಕೆ ವಿದ್ಯುದಂಶವಿಲ್ಲ, ಇದರ ತೂಕವು ಅಳೆಯಲು ಬಾರದಷ್ಟು ಅಲ್ಪ. ಸೂರ್ಯನ ಗರ್ಭದಿಂದ ಹೊರಟ ನ್ಯೂಟ್ರಿನೊಗಳು ನಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿಯಷ್ಟು ಹಾದುಹೋಗುತ್ತಿವೆ. ಅವು ಹಾದುಹೋದುದು ಉಗುರಿಗೂ ತಿಳಿಯದು, ನಮಗೂ ತಿಳಿಯದು. ಭೂಮಿಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟುಹೋಗುವ ಇಂತಹ ಕಣವನ್ನು ಹಿಡಿಯುವುದು ಹೇಗೆ? ಎಷ್ಟೋ ಕೋಟಿ ಕೋಟಿಗಳಲ್ಲಿ ಒಂದು ಯಾವುದೋ ಪರಮಾಣುವಿಗೆ ತಾಗಿ ಗುರುತು ಬಿಡುತ್ತದೆ. ಆ ಗುರುತನ್ನು ಕಾಣಬೇಕಾದರೆ ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲವಿರಬಾರದು. ಸಂತೆಯ ನಡುವೆ ನಿಂತು ಪಿಸುಮಾತನ್ನು ಕೇಳಲಾದೀತೆ? ಅದಕ್ಕಾಗಿಯೇ ವಿಜ್ಞಾನಿಗಳು ನೆಲದ ಆಳಕ್ಕೆ ಇಳಿಯುತ್ತಾರೆ. ಮೇಲಿನ ಬಂಡೆಯೇ ಗದ್ದಲವನ್ನು ತಡೆಯುವ ಬಾಗಿಲು.

ಇಂತಹ ಆಳ ಕೋಲಾರದ ಚಿನ್ನದ ಗಣಿಗಳಲ್ಲಿತ್ತು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿಯು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಆ ಗಣಿಗಳಿಗೆ ಇಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದರು. ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯದವರು ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರು ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಇಟ್ಟು ಕಾದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಬಂಡೆಗೆ ತಾಗಿದ ಗುರುತು 1965ರಲ್ಲಿ ಅವರಿಗೆ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಫ್ರೆಡೆರಿಕ್ ರೈನ್ಸ್ ಅವರ ತಂಡಕ್ಕೆ ಅದು ಕಂಡಿತು. ಜಗತ್ತಿನಲ್ಲಿಯೇ ಮೊದಲು ಇದನ್ನು ಕಂಡ ಎರಡು ಸ್ಥಳಗಳಲ್ಲಿ ಕನ್ನಡನಾಡಿನ ಗಣಿ ಒಂದಾಯಿತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಆ ಆಳಕ್ಕೆ ದಾರಿಯನ್ನು ತೋಡಿದವರು ವಿಜ್ಞಾನಿಗಳಲ್ಲ. ತಲೆಮಾರುಗಳ ಕಾಲ ಬಿಸಿಗಾಳಿಯಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ದುಡಿದ ಗಣಿ ಕಾರ್ಮಿಕರು. ಅವರಲ್ಲಿ ಬಹುಮಂದಿ ತಮಿಳುನಾಡಿನ ಜಿಲ್ಲೆಗಳಿಂದ ಬಂದು ಕನ್ನಡನಾಡಿನಲ್ಲಿ ನೆಲೆಸಿದವರು. ನಾವಾದರೋ ಕನ್ನಡ ನುಡಿಯನ್ನು ಹೊತ್ತು ತಮಿಳುನಾಡಿಗೆ ಬಂದು ನೆಲೆಸಿದವರ ಮಕ್ಕಳು. ಚಿನ್ನ ಮುಗಿಯುತ್ತ ಬಂದು ಗಣಿಗಳು ಒಂದೊಂದಾಗಿ ಮುಚ್ಚತೊಡಗಿದಾಗ, 1990ರ ದಶಕದ ಮೊದಲಲ್ಲಿ ವಿಜ್ಞಾನಿಗಳು ಉಪಕರಣಗಳನ್ನು ತೆಗೆದುಕೊಂಡು ಹೊರಬಂದರು. 2001ರಲ್ಲಿ ಗಣಿಯೇ ನಿಂತುಹೋಯಿತು. ಆಳಕ್ಕೆ ನೀರು ತುಂಬಿತು; ಕಾರ್ಮಿಕರ ಕೇರಿಗಳಲ್ಲಿ ಕೆಲಸವಿಲ್ಲದ ದಿನಗಳು ತುಂಬಿದವು.

ಕೋಲಾರದಲ್ಲಿ ಕೆಲಸ ಮಾಡಿದ ಆ ಜಪಾನಿನವರ ದೇಶದಲ್ಲಿ ಅದೇ ಕಾಲಕ್ಕೆ ಏನು ನಡೆಯುತ್ತಿತ್ತು? 1963ರ ಸೆಪ್ಟೆಂಬರಿನಲ್ಲಿ ಜಪಾನಿನ ಮಂತ್ರಿಮಂಡಲವು, ಟೋಕಿಯೋ ನಗರದ ಇಕ್ಕಟ್ಟಿನಲ್ಲಿ ಸಿಕ್ಕಿದ್ದ ಸರ್ಕಾರಿ ಸಂಶೋಧನಾಲಯಗಳನ್ನು ಹೊರಗೆ ಸಾಗಿಸಿ, ಅವಕ್ಕೆಂದೇ ಒಂದು ಹೊಸ ಊರನ್ನು ಕಟ್ಟಬೇಕೆಂದು ನಿಶ್ಚಯಿಸಿತು. ಟೋಕಿಯೋವಿನಿಂದ ಸುಮಾರು 60 ಕಿಲೋಮೀಟರ್ ಈಶಾನ್ಯಕ್ಕಿರುವ ತ್ಸುಕುಬಾ ಪ್ರದೇಶವನ್ನು ಅದಕ್ಕಾಗಿ ಆರಿಸಿದರು. ತ್ಸುಕುಬಾ ಬೆಟ್ಟವು ಎರಡು ಶಿಖರಗಳುಳ್ಳದ್ದು. ಎತ್ತರ 877 ಮೀಟರ್. ಎಂಟನೆಯ ಶತಮಾನದ ಪ್ರಾಚೀನ ಜಪಾನೀ ಕವಿತಾಸಂಕಲನದಲ್ಲಿಯೂ ಅದರ ಹೆಸರುಂಟು. ಅದರ ಬುಡದ ಬಯಲಿನಲ್ಲಿ ಹೊಲಗಳೂ ಪೈನ್ ಮರದ ತೋಪುಗಳೂ ಚಿಕ್ಕ ಊರುಗಳೂ ಇದ್ದವು. ಸರ್ಕಾರದ ಮೊದಲ ನಕ್ಷೆಯು ಆ ಹೊಲಗಳನ್ನೂ ಊರುಗಳನ್ನೂ ಬಳಸಿಕೊಳ್ಳುವಂತಿದ್ದಿತು. ರೈತರು ಒಪ್ಪಲಿಲ್ಲ. ವಿರೋಧ ಬಲವಾಯಿತು. ಆಗ ನಕ್ಷೆಯನ್ನು ಕಿರಿದು ಮಾಡಿ, ಊರುಗಳನ್ನು ಬಿಟ್ಟು, ಬಹುಮಟ್ಟಿಗೆ ತೋಪುಗಳಿದ್ದ ನೆಲವನ್ನೇ ಹಿಡಿದು ಹೊಸದಾಗಿ ಬರೆದರು. ಹೀಗಾಗಿ ಸುಮಾರು 2,700 ಹೆಕ್ಟೇರುಗಳ ಆ ವಿಜ್ಞಾನವಲಯವು ದಕ್ಷಿಣೋತ್ತರವಾಗಿ ಸುಮಾರು 18 ಕಿಲೋಮೀಟರ್ ಉದ್ದವಾಗಿಯೂ, ಪೂರ್ವಪಶ್ಚಿಮವಾಗಿ ಸುಮಾರು 6 ಕಿಲೋಮೀಟರ್ ಮಾತ್ರ ಅಗಲವಾಗಿಯೂ ಇದೆ. ಆ ಊರಿನ ನೀಳವಾದ ಆಕಾರವು ರೈತರು ಆಡಿದ ಮಾತಿನ ಗುರುತೆಂದರೆ ತಪ್ಪಾಗಲಾರದು.

ತ್ಸುಕುಬಾವಿನ ಕಥೆ ಸುಲಭದ ಕಥೆಯೇನೂ ಅಲ್ಲ. 1970ರಲ್ಲಿ ಪ್ರತ್ಯೇಕ ಶಾಸನವಾಯಿತು. 1971ರಲ್ಲಿ ಉನ್ನತ ಶಕ್ತಿಯ ಭೌತವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1973ರಲ್ಲಿ ಟೋಕಿಯೋವಿನ ಒಂದು ಹಳೆಯ ಶಿಕ್ಷಣ ವಿಶ್ವವಿದ್ಯಾನಿಲಯವನ್ನು, ಒಳಗಿನವರ ಕಟು ವಿರೋಧದ ನಡುವೆ, ಅಲ್ಲಿಗೆ ಸಾಗಿಸಿ ತ್ಸುಕುಬಾ ವಿಶ್ವವಿದ್ಯಾನಿಲಯವೆಂದು ಕರೆದರು. 1985ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪ್ರದರ್ಶನ ನಡೆಯಿತು. 1987ರಲ್ಲಿ ಸುತ್ತಲಿನ ಊರುಗಳು ಕೂಡಿ ತ್ಸುಕುಬಾ ನಗರವಾದವು. ರಾಜಧಾನಿಯಿಂದ ನೇರ ರೈಲು ಬಂದುದು 2005ರಲ್ಲಿ, ಎಂದರೆ ಮೊದಲ ನಿಶ್ಚಯವಾದ 42 ವರ್ಷಗಳ ಮೇಲೆ. ಕಾಗದದ ಮೇಲಿನ ನಕ್ಷೆ ಜನ ಬಾಳುವ ಊರಾಗಲು ಒಂದು ತಲೆಮಾರು ಸಾಲದೆಂಬುದು ಇದರಿಂದ ತಿಳಿದುಬರುತ್ತದೆ.

ಇದೇ ತ್ಸುಕುಬಾವಿನಿಂದ 1999ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊಗಳ ಒಂದು ಧಾರೆಯನ್ನು ಮಾಡಿ, ನೆಲದೊಳಗಿನಿಂದಲೇ 250 ಕಿಲೋಮೀಟರ್ ದೂರದ ಕಾಮಿಯೋಕಕ್ಕೆ ಕಳುಹಿಸತೊಡಗಿದರು. ಅದಕ್ಕೆ ಕೊಳವೆ ಬೇಡ, ಸುರಂಗ ಬೇಡ. ಬಂಡೆಯೇ ಅದಕ್ಕೆ ಬಯಲು. ಕಾಮಿಯೋಕದ ಹಳೆಯ ಗಣಿಯೊಂದರಲ್ಲಿ, 1,000 ಮೀಟರ್ ಬಂಡೆಯ ಕೆಳಗೆ, 50,000 ಟನ್ ಶುದ್ಧ ನೀರಿನ ತೊಟ್ಟಿಯೊಂದು ಅವುಗಳಲ್ಲಿ ಕೆಲವನ್ನು ಗುರುತಿಸಿತು. ನ್ಯೂಟ್ರಿನೊ ದಾರಿಯಲ್ಲಿಯೇ ಒಂದು ಜಾತಿಯಿಂದ ಇನ್ನೊಂದು ಜಾತಿಗೆ ಬದಲಾಗುತ್ತದೆ, ಆದುದರಿಂದ ಅದಕ್ಕೆ ತೂಕವುಂಟು ಎಂದು 1998ರಲ್ಲಿ ಅದೇ ತೊಟ್ಟಿಯಿಂದ ಹೊರಬಿದ್ದ ಸಂಗತಿಯನ್ನು ಈ ಪ್ರಯೋಗ ದೃಢಪಡಿಸಿತು. ಆ ಶೋಧಕ್ಕಾಗಿ ತಕಾಕಿ ಕಜಿತಾ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಅವರು ಪರೀಕ್ಷಿಸಿದುದು ಕೋಲಾರದಲ್ಲಿ 1965ರಲ್ಲಿ ಮೊದಲು ಕಂಡ ಆ ವಾತಾವರಣದ ನ್ಯೂಟ್ರಿನೊಗಳನ್ನೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕೋಲಾರದ ಬಾಗಿಲು ಮುಚ್ಚಿದ ಮೇಲೆ ಭಾರತೀಯ ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ಗಣಿಯಿಲ್ಲದಿದ್ದರೆ ಬೆಟ್ಟದ ಬದಿಯಿಂದ ಅಡ್ಡಲಾಗಿ ಸುರಂಗವನ್ನು ಕೊರೆದು ಒಳಗೆ ಸೇರಬಹುದಷ್ಟೆ. ಮೊದಲು ನೀಲಗಿರಿಯ ಸಿಂಗಾರದ ಬಳಿ ಸ್ಥಳ ನೋಡಿದರು. ಅದು ಮುದುಮಲೆಯ ಹುಲಿಗಳ ನೆಲೆಗೆ ಹತ್ತಿರವೆಂದು 2009ರಲ್ಲಿ ಕೇಂದ್ರದ ಪರಿಸರ ಇಲಾಖೆ ಒಪ್ಪಲಿಲ್ಲ. ಬಳಿಕ ಕಣ್ಣು ನಮ್ಮ ಜಿಲ್ಲೆಯ ಕಡೆಗೆ ತಿರುಗಿತು. ಬೋಡಿನಾಯಕನೂರಿಗೆ ಪಡುವಣದ ಬೆಟ್ಟಗಳಲ್ಲಿ, ಪೊಟ್ಟಿಪುರಂ ಎಂಬ ಹಳ್ಳಿಯ ಬಳಿ, ಒಂದೇ ಏಕಶಿಲೆಯಂತಿರುವ ಗಟ್ಟಿಯಾದ ಚಾರ್ನೊಕೈಟ್ ಕಲ್ಲಿನ ಬೆಟ್ಟವು ಆಯ್ಕೆಯಾಯಿತು. ಸುಮಾರು 2 ಕಿಲೋಮೀಟರ್ ಉದ್ದದ ಸುರಂಗ. ಅದರ ತುದಿಯಲ್ಲಿ, ಎಲ್ಲ ಕಡೆಯಿಂದಲೂ ಒಂದು ಕಿಲೋಮೀಟರಿಗಿಂತ ದಪ್ಪನಾದ ಬಂಡೆಯ ಹೊದಿಕೆಯಲ್ಲಿ, ಒಂದು ಗವಿ. ಆ ಗವಿಯಲ್ಲಿ ಸುಮಾರು 50,000 ಟನ್ ಕಾಂತಗೊಳಿಸಿದ ಕಬ್ಬಿಣದ ಪದರಗಳು: ಇದು ಭಾರತದ ನ್ಯೂಟ್ರಿನೊ ವೀಕ್ಷಣಾಲಯದ ನಕ್ಷೆ. ಅದರ ಮುಂದಾಳುವಾಗಿದ್ದ ನಬ ಕುಮಾರ ಮಂಡಲ್ ಅವರು ತಮ್ಮ ತಾರುಣ್ಯದಲ್ಲಿ ಕೋಲಾರದ ಗಣಿಯಲ್ಲಿಯೇ ಪ್ರಯೋಗ ನಡೆಸಿದವರು. ಕೋಲಾರದಲ್ಲಿ ಕಡಿದ ಎಳೆಯನ್ನು ತೇನಿಯಲ್ಲಿ ಮತ್ತೆ ಗಂಟು ಹಾಕಲು ಹೊರಟಂತಾಯಿತು.

2011ರಲ್ಲಿ ಪರಿಸರ ಅನುಮತಿ ದೊರೆಯಿತು. 2015ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಸುಮಾರು 1,500 ಕೋಟಿ ರೂಪಾಯಿಗಳ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಊರುಗಳಲ್ಲಿ ಕಳವಳ ಎದ್ದಿತ್ತು. ಅದೇ ವರ್ಷದ ಮಾರ್ಚಿಯಲ್ಲಿ ಮದುರೆಯ ಹೈಕೋರ್ಟು ಪೀಠವು, ಮಾಲಿನ್ಯ ನಿಯಂತ್ರಣ ಮಂಡಲಿಯ ಒಪ್ಪಿಗೆ ಬರುವವರೆಗೆ ಕೆಲಸ ಮುಂದುವರಿಯಕೂಡದೆಂದು ತಡೆಯಿತು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು, ಈ ಸ್ಥಳವು ಕೇರಳದ ಮತಿಕೆಟ್ಟಾನ್ ಶೋಲ ರಾಷ್ಟ್ರೀಯೋದ್ಯಾನಕ್ಕೆ ಐದು ಕಿಲೋಮೀಟರಿಗಿಂತ ಸಮೀಪವಿರುವುದರಿಂದ ಅನುಮತಿಯನ್ನು ಮತ್ತೆ ಮೊದಲಿಂದ ಪಡೆಯಬೇಕೆಂದಿತು. 2018ರಲ್ಲಿ ಮತ್ತೆ ಅನುಮತಿ, ಮತ್ತೆ ವ್ಯಾಜ್ಯ. 2022ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರವು, ಈ ಬೆಟ್ಟಗಳು ಮತಿಕೆಟ್ಟಾನ್ ಮತ್ತು ಪೆರಿಯಾರ್ ಕಾಡುಗಳ ನಡುವೆ ಹುಲಿ ಓಡಾಡುವ ದಾರಿಯೆಂದೂ, ಇಲ್ಲಿ ಕೆಲಸಕ್ಕೆ ತಾನು ಒಪ್ಪುವುದಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಗವಿ ತೋಡಲ್ಪಡಲಿಲ್ಲ. ಮದುರೆಯಲ್ಲಿ 85 ಟನ್ನಿನ ಒಂದು ಸಣ್ಣ ಮಾದರಿಯನ್ನು ಮಾತ್ರ ಕಟ್ಟಿ ನಡೆಸಿದರು.

ಈ ವಿರೋಧವನ್ನು ಕುರಿತು ನಾವು ಏನೆಂದು ತಿಳಿಯಬೇಕು? ನ್ಯಾಯವಾಗಿ ಹೇಳುವುದಾದರೆ ಅದರಲ್ಲಿ ಎರಡು ಬಗೆಯ ಮಾತುಗಳಿದ್ದವು. ನ್ಯೂಟ್ರಿನೊಗಳಿಂದ ವಿಷಕಿರಣ ಹೊಮ್ಮುವುದು, ಬೆಳೆ ಸುಡುವುದು ಎಂಬ ಭಯ ಮೊದಲನೆಯದು. ಇದು ನಿರಾಧಾರ. ನಮ್ಮ ಉಗುರಿನ ಮೂಲಕ ಅವು ಹಗಲಿರುಳೂ ಹಾದುಹೋಗುತ್ತಿರುವುದನ್ನು ಮೇಲೆಯೇ ಹೇಳಿದೆ. ಬೆಟ್ಟದೊಳಗೆ ಇರಿಸುವ ಕಬ್ಬಿಣ ಅವನ್ನು ಎಣಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಈ ಭಯ ಹಬ್ಬಿದುದರಲ್ಲಿ ಜನರ ತಪ್ಪಿಗಿಂತ, ಅವರ ನುಡಿಯಲ್ಲಿ ಕಾಲಕ್ಕೆ ಸರಿಯಾಗಿ ತಿಳಿಯಹೇಳದಿದ್ದ ನಮ್ಮಂತಹ ಓದಿದವರ ತಪ್ಪೇ ಹೆಚ್ಚು. ಎರಡನೆಯ ಮಾತು ಬೇರೆ. ಬಂಡೆ ಸಿಡಿಸಿದರೆ ನೀರಿನ ಸೆಲೆ ಏನಾಗುವುದು? ತೋಡಿದ ಲಕ್ಷಗಟ್ಟಲೆ ಟನ್ ಕಲ್ಲನ್ನು ಎಲ್ಲಿ ಹಾಕುವುದು? ದನಗಳು ಎಲ್ಲಿ ಮೇಯಬೇಕು? ಇವು ಭೌತವಿಜ್ಞಾನದ ಪ್ರಶ್ನೆಗಳಲ್ಲ, ಬಾಳಿನ ಪ್ರಶ್ನೆಗಳು. ಇವನ್ನು ಕೇಳಲು ಯಾವ ಪದವಿಯೂ ಬೇಕಿಲ್ಲ.

ದನಗಳ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಬೇಕು. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡವನ್ನಾಡುವ ಒಕ್ಕಲಿಗರನ್ನು ತಮಿಳರು ಕಾಪ್ಪಿಲಿಯರ್ ಎಂದು ಕರೆಯುತ್ತಾರೆ. ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೂ ಇವರ ಹೆಸರುಂಟು. ಕಂಬಂ ಊರಿನ ತಂಬಿರಾನ್ ತೊಳುವಿನಲ್ಲಿ ಇವರು ದೇವರ ದನಗಳನ್ನು ಪೂಜಿಸಿ ಸಾಕುತ್ತ ಬಂದಿದ್ದಾರೆ. ಬೆಟ್ಟದಲ್ಲಿ ಮೇಯುವ ಗಿಡ್ಡನೆಯ ಮಲೆಮಾಡುಗಳು ಈ ಸೀಮೆಯ ಹೆಮ್ಮೆ. ಇಂತಹವರಿಗೆ ಬೆಟ್ಟದ ತಪ್ಪಲು ಖಾಲಿ ನೆಲವಲ್ಲ. ನಕ್ಷೆಯಲ್ಲಿ ಬಿಳಿದಾಗಿ ಕಾಣುವ ಜಾಗವು ದನಗಾಹಿಯ ಕಣ್ಣಿಗೆ ದಾರಿ, ದೊಣೆ, ನೆರಳು, ಹುಲ್ಲುಗಳಿಂದ ತುಂಬಿರುತ್ತದೆ. ಸುರಂಗ ನಿಂತಿತೆಂದು ದನಗಾಹಿಗೆ ಬೆಟ್ಟ ಉಳಿಯಿತೇ ಎಂದರೆ ಅದೂ ಪೂರ್ತಿಯಾಗಿ ನಿಜವಲ್ಲ. 2021ರಲ್ಲಿ ಶ್ರೀವಿಲ್ಲಿಪುತ್ತೂರು ಮೇಘಮಲೆ ಪ್ರದೇಶವು ಹುಲಿಗಳ ರಕ್ಷಿತ ಕಾಡಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟು ವನ್ಯಜೀವಿಧಾಮಗಳಲ್ಲಿಯೂ ಹುಲಿಗಳ ರಕ್ಷಿತ ಕಾಡುಗಳಲ್ಲಿಯೂ ದನ ಮೇಯಿಸುವುದನ್ನು ನಿಷೇಧಿಸಿತು. ವಿಜ್ಞಾನದ ಹೆಸರಿನಲ್ಲಿ ಬಂದ ನಕ್ಷೆ ಹಿಂದೆ ಸರಿದರೂ, ಕಾಡಿನ ಹೆಸರಿನಲ್ಲಿ ಬಂದ ನಕ್ಷೆ ಮುಂದೆ ಬಂದಿತು. ಎರಡರಲ್ಲಿಯೂ ದನಗಾಹಿಯನ್ನು ಕೇಳಿದವರು ಕಡಿಮೆ.

ಕನ್ನಡನಾಡಿನಲ್ಲಿಯೂ ಇದಕ್ಕೆ ಸಾಟಿಯಾದ ಸಂಗತಿಯುಂಟು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಿಕೊಟ್ಟು ವಿಜ್ಞಾನನಗರವೆಂದು ಕರೆದರು. ಕುದಾಪುರ, ಉಳ್ಳಾರ್ತಿಗಳ ಸುತ್ತಲ ಹಳ್ಳಿಯವರು ಮೇವಿನ ನೆಲದ ನಡುವೆ ಗೋಡೆ ಏಳುವುದನ್ನು ಕಂಡಾಗ ನ್ಯಾಯಾಲಯದ ಮೆಟ್ಟಿಲೇರಿದರು. ಅಲ್ಲಿ ಗೋಡೆ ಎದ್ದಿತು, ಸಂಸ್ಥೆಗಳು ಬಂದವು. ಕಾವಲಿನ ಹುಲ್ಲು ಮಾತ್ರ ಗೋಡೆಯ ಆಚೆಗೆ ಹೋಯಿತು.

ಇಂತು ಮೂರು ನೆಲಗಳು ನಮ್ಮ ಮುಂದಿವೆ. ತ್ಸುಕುಬಾದಲ್ಲಿ ರೈತನ ಮಾತು ನಕ್ಷೆಯನ್ನು ತಿದ್ದಿತು. ವಿಜ್ಞಾನವೂ ಬೆಳೆಯಿತು, ಊರೂ ಉಳಿಯಿತು. ಚಳ್ಳಕೆರೆಯಲ್ಲಿ ನಕ್ಷೆ ಮೊದಲು ಬಂದಿತು, ಮಾತು ಆಮೇಲೆ ಬಂದಿತು. ಪೊಟ್ಟಿಪುರದಲ್ಲಿ ಮಾತಿಗೂ ನಕ್ಷೆಗೂ ನಡುವೆ ಸೇತುವೆಯೇ ಆಗಲಿಲ್ಲ; ವಿಜ್ಞಾನವೂ ಬರಲಿಲ್ಲ, ಅನುಮಾನವೂ ಹೋಗಲಿಲ್ಲ. ಬೆಟ್ಟ ಕೊರೆಯುವುದನ್ನು ಈ ಕಣಿವೆಯ ಜನ ಸಹಜವಾಗಿಯೇ ದ್ವೇಷಿಸುತ್ತಾರೆಂದು ಹೇಳಲು ಬರುವಂತಿಲ್ಲ. 1895ರ ಸುರಂಗವನ್ನು ಅವರು ದೇವರಂತೆ ಕಂಡರು; ಏಕೆಂದರೆ ಅದರ ಇನ್ನೊಂದು ತುದಿಯಿಂದ ತಮ್ಮ ಗದ್ದೆಗೆ ನೀರು ಬಂದುದನ್ನು ಕಣ್ಣಾರೆ ಕಂಡರು. ಎರಡನೆಯ ಸುರಂಗದ ತುದಿಯಲ್ಲಿದ್ದುದು ಅರಿವು. ಅರಿವು ನೀರಿನಂತೆ ತಾನಾಗಿ ಗದ್ದೆಗೆ ಹರಿಯುವುದಿಲ್ಲ. ಅದಕ್ಕೆ ಕಾಲುವೆಯನ್ನು ತೋಡಬೇಕು. ಆ ಕಾಲುವೆಯೇ ಶಾಲೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ಒಮ್ಮೆ ಕೊಡೈಕಾನಲಿನ ವೀಕ್ಷಣಾಲಯಕ್ಕೆ ಕರೆದೊಯ್ಯಿರಿ; ಇನ್ನೊಮ್ಮೆ ಪೊಟ್ಟಿಪುರದ ಬೆಟ್ಟದ ತಪ್ಪಲಿಗೂ ಕರೆದೊಯ್ಯಿರಿ. ಮೊದಲನೆಯದರಲ್ಲಿ ಸೂರ್ಯನನ್ನು ಹೇಗೆ ನೋಡಬೇಕೆಂಬುದನ್ನು ಅವರು ಕಲಿಯಲಿ. ಎರಡನೆಯದರಲ್ಲಿ ಅಲ್ಲಿಯ ದನಗಾಹಿಯೊಡನೆ ಕುಳಿತು, ನೀರು ಎಲ್ಲಿ ನಿಲ್ಲುತ್ತದೆ, ಹುಲ್ಲು ಯಾವಾಗ ಚಿಗುರುತ್ತದೆ ಎಂದು ಕೇಳಿ ಬರೆದುಕೊಳ್ಳಲಿ. ನಾಳೆ ಈ ಮಕ್ಕಳಲ್ಲಿ ಒಬ್ಬನು ವಿಜ್ಞಾನಿಯಾಗಿ ಯಾವುದೋ ಬೆಟ್ಟದ ಮುಂದೆ ನಕ್ಷೆಯನ್ನು ಬಿಚ್ಚಿ ನಿಂತಾಗ, ಆ ಬರಹವು ಅವನ ನೆನಪಿಗೆ ಬಂದರೆ ಸಾಕು.